ಕಂಠದ ಬೇನೆಗಳೂ ಅವುಗಳ ಉಪಚಾರವೂ



ರೇಡಿಯೋವಿನಲ್ಲಿ ಮಾತನಾಡುವವನ ಸ್ಥಿತಿ ಒಂದು ವಿಧದಲ್ಲಿ ವಿಚಿತ್ರವಾದುದು. ಅವನ ಮುಖ ನಿಮಗೆ ಕಾಣಿಸದು, ಉಡುಪು ಕಾಣಿಸದು, ಕೈಯಾಡಿಸಿ ಹೇಳಿದರೆ ಅದೂ ಕಾಣಿಸದು. ಅವನಿಂದ ನಿಮಗೆ ಬಂದು ಮುಟ್ಟುವುದು ಧ್ವನಿಯೊಂದೇ. ೧೯೩೫ರಲ್ಲಿ, ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲಿಯೇ ಸಣ್ಣದೊಂದು ಪ್ರಸಾರಯಂತ್ರವನ್ನಿಟ್ಟು ಬಾನುಲಿಯನ್ನು ಆರಂಭಿಸಿದಾಗ, ಆ ಊರಿನ ಎಷ್ಟೋ ಮನೆಗಳು ಮನುಷ್ಯನನ್ನು ಕಾಣದೆ ಅವನ ಧ್ವನಿಯನ್ನು ಮಾತ್ರ ಒಳಕ್ಕೆ ಬರಮಾಡಿಕೊಂಡುವು. ಆ ಧ್ವನಿಯೇ ಕೆಟ್ಟರೆ ಗತಿಯೇನು? ಅದು ಏಕೆ ಕೆಡುತ್ತದೆ, ಕೆಟ್ಟುದನ್ನು ಸರಿಪಡಿಸುವ ದಾರಿಗಳಾವುವು ಎಂಬುದೇ ಇಂದಿನ ನಮ್ಮ ವಿಷಯ.

ನಾವು ವೈದ್ಯರಲ್ಲ, ಕಾಲೇಜಿನಲ್ಲಿ ಪಾಠ ಹೇಳಿ ಜೀವನ ಮಾಡುವವರು. ಆದರೂ ಈ ವಿಷಯವನ್ನು ಪುಸ್ತಕಗಳಿಂದ ಮಾತ್ರವಲ್ಲದೆ ನಮ್ಮ ಗಂಟಲಿನಿಂದಲೂ ಕಲಿಯಬೇಕಾಯಿತಾದುದರಿಂದ, ಅದನ್ನು ಕುರಿತು ನಾಲ್ಕು ಮಾತು ಹೇಳಲು ಸ್ವಲ್ಪ ಅಧಿಕಾರವುಂಟೆಂದು ಭಾವಿಸಿದ್ದೇವೆ.

ಕೆಲವು ವರ್ಷಗಳ ಹಿಂದೆ, ಪರೀಕ್ಷೆ ಹತ್ತಿರವಾದ ದಿನಗಳಲ್ಲಿ ನಮ್ಮ ಗಂಟಲು ಕಟ್ಟಿತು. ಬೀದಿಯ ಗದ್ದಲ, ತಲೆಯ ಮೇಲೆ ತಿರುಗುವ ಪಂಖಗಳ ಸದ್ದು, ನೂರು ಜನ ವಿದ್ಯಾರ್ಥಿಗಳ ಪಿಸುಗುಟ್ಟುವಿಕೆ, ಇವೆಲ್ಲವನ್ನೂ ಮೀರಿ ದಿನಕ್ಕೆ ನಾಲ್ಕು ಗಂಟೆ ಪಾಠ ಹೇಳುತ್ತಿದ್ದೆವು. ಶೀತವಾಗಿರಬಹುದೆಂದು ಮೊದಲು ಮೆಣಸಿನ ಕಷಾಯ ಕುಡಿದೆವು. ಆಮೇಲೆ ಜ್ಯೇಷ್ಠಮಧು, ಕಲ್ಲುಸಕ್ಕರೆ, ಲವಂಗ, ಶುಂಠಿ ಮತ್ತು ಜೇನುತುಪ್ಪ, ಹೀಗೆ ಒಂದೊಂದೂ ಒಂದೊಂದು ವಾರ ನಮ್ಮ ಬಾಯಲ್ಲಿ ವಾಸಮಾಡಿದುವು. ಗಂಟಲಿಗೆ ಹಿತವಾಯಿತೇ ಹೊರತು ಧ್ವನಿ ಮರಳಲಿಲ್ಲ. ಬೆಳಗ್ಗೆ ಸ್ವಲ್ಪ ಬರುವುದು. ಎರಡನೆಯ ಪಾಠದ ಹೊತ್ತಿಗೆ ಒಡೆಯುವುದು. ಸಂಜೆಗೆ ಮನೆಯಲ್ಲಿ ಮಕ್ಕಳನ್ನು ಕರೆಯಲೂ ಆಗದು. ಎರಡು ತಿಂಗಳಾದ ಮೇಲೆ ನಮ್ಮ ತಾಯಿಯವರು, “ಕಷಾಯ ಕುದಿಸಿ ಕುದಿಸಿ ನನಗೆ ಸಾಕಾಯಿತು. ಡಾಕ್ಟರಿಗೆ ತೋರಿಸೋದಕ್ಕೆ ನಿನಗೇನಪ್ಪ ಭಯ?” ಎಂದು ಕೇಳಿದರು. ಭಯವಿದ್ದುದು ನಿಜ. ಡಾಕ್ಟರು ಕೆಟ್ಟ ರೋಗದ ಹೆಸರು ಹೇಳಿದರೇನು ಗತಿ ಎಂಬುದು ಒಂದು; ಪಾಠ ಹೇಳುವುದನ್ನೇ ನಿಲ್ಲಿಸೆಂದರೆ ಸಂಸಾರದ ಗತಿಯೇನು ಎಂಬುದು ಇನ್ನೊಂದು. ಸುದ್ದಿಯನ್ನು ಕೇಳದಿದ್ದರೆ ರೋಗವೂ ಇಲ್ಲವೆಂಬ ಭ್ರಮೆಯಲ್ಲಿ ನಾವು ಎರಡು ತಿಂಗಳನ್ನು ಕಳೆದಿದ್ದೆವು.

ನಮ್ಮ ಸಂಗೀತಗಾರರು ಧ್ವನಿಗೆ ‘ಶಾರೀರ’ವೆಂಬ ಪದವನ್ನು ಬಳಸುತ್ತಾರಷ್ಟೆ. “ಅವರ ಶಾರೀರ ಚೆನ್ನಾಗಿದೆ” ಎಂದು ಕಚೇರಿಯಿಂದ ಹಿಂದಿರುಗುವಾಗ ನಾವೂ ಹೇಳುತ್ತೇವೆ. ಹದಿಮೂರನೆಯ ಶತಮಾನದ ಶಾರ್ಙ್ಗದೇವನು ತನ್ನ ಸಂಗೀತರತ್ನಾಕರದಲ್ಲಿ ಈ ಪದಕ್ಕೆ, ಶರೀರದೊಡನೆಯೇ ಹುಟ್ಟಿಬರುವುದರಿಂದ ಇದು ಶಾರೀರವೆಂದು ಕಾರಣ ಕೊಟ್ಟಿದ್ದಾನೆ. ಈ ಒಂದು ಪದವನ್ನು ಸರಿಯಾಗಿ ತಿಳಿದುಕೊಂಡರೆ ನಮ್ಮ ವಿಷಯದಲ್ಲಿ ಅರ್ಧ ತಿಳಿದಂತೆ. ಧ್ವನಿ ಶರೀರದ ಕೆಲಸ. ಕಾಲು ಉಳುಕುವಂತೆ, ಕಣ್ಣು ಮಂಜಾಗುವಂತೆ ಅದೂ ಕೆಡಬಲ್ಲುದು. ಕೆಟ್ಟುದರ ಕಾರಣವನ್ನು ಕಣ್ಣಿಂದ ನೋಡಿ ತಿಳಿಯಬಹುದು. ತಿಳಿದರೆ ಬಹುಮಟ್ಟಿಗೆ ಸರಿಪಡಿಸಲೂಬಹುದು. ಅದು ಹಣೆಯ ಬರಹವಲ್ಲ, ನಾಚಿಕೆಯ ವಿಷಯವಂತೂ ಅಲ್ಲವೇ ಅಲ್ಲ.

ಧ್ವನಿ ಹುಟ್ಟುವ ಬಗೆಯನ್ನು ತಿಳಿಯಲು ಹಾರ್ಮೋನಿಯಂ ಪೆಟ್ಟಿಗೆಯನ್ನು ನೆನೆದುಕೊಳ್ಳಬಹುದು. ಅದರಲ್ಲಿ ಗಾಳಿಯನ್ನು ನೂಕುವ ತಿದಿಯುಂಟು. ಆ ಗಾಳಿಗೆ ಅದಿರುವ ಹಿತ್ತಾಳೆಯ ನಾಲಗೆಗಳುಂಟು. ನಾದವನ್ನು ತುಂಬಿಕೊಡುವ ಮರದ ಪೆಟ್ಟಿಗೆಯುಂಟು. ನಮ್ಮಲ್ಲಿ ಶ್ವಾಸಕೋಶಗಳೇ ತಿದಿ. ಗಂಟಲು, ಬಾಯಿ, ಮೂಗು ಇವು ನಾದವನ್ನು ತುಂಬುವ ಪೆಟ್ಟಿಗೆ. ಇವೆರಡರ ನಡುವೆ, ಗಂಡಸರ ಕೊರಳಿನಲ್ಲಿ ಉಬ್ಬಾಗಿ ಕಾಣುವ ಮೃದುವಾದ ಎಲುಬಿನ ಗೂಡಿನೊಳಗೆ, ಎರಡು ಧ್ವನಿತಂತುಗಳಿವೆ. ತಂತುಗಳೆಂದು ಹೆಸರಿದ್ದರೂ ಅವು ವೀಣೆಯ ತಂತಿಯಂತೆ ಬಿಗಿದ ಎಳೆಗಳಲ್ಲ. ಒಳಗೆ ಸ್ನಾಯು, ಮೇಲೆ ಬಹು ಮೆತ್ತನೆಯ ಪೊರೆ, ಹೀಗೆ ಎದುರುಬದುರಾಗಿ ಕುಳಿತ ಎರಡು ಮಡಿಕೆಗಳು. ಅವುಗಳ ಉದ್ದ ಒಂದು ಅಂಗುಲಕ್ಕಿಂತಲೂ ಕಡಮೆ.

ಧ್ವನಿಗಾಗಿಯೇ ಇವು ನಿರ್ಮಿತವಾದುವೆಂದು ಭಾವಿಸಕೂಡದು. ಇವುಗಳ ಮೊದಲನೆಯ ಕೆಲಸ ಬಾಗಿಲು ಕಾಯುವುದು. ಊಟದ ನಡುವೆ ಮಾತನಾಡುವಾಗ ನೆತ್ತಿಗೆ ಹತ್ತಿತೆಂದು ನಾವು ಕೆಮ್ಮುತ್ತೇವಲ್ಲವೆ? ಅನ್ನದ ಅಗುಳು ಶ್ವಾಸನಾಳಕ್ಕೆ ಇಳಿಯದಂತೆ ಈ ಬಾಗಿಲು ಮುಚ್ಚಿಕೊಂಡು, ಕೆಮ್ಮಿನಿಂದ ಅದನ್ನು ಹೊರದೂಡುವ ವಿಧಾನವದು. ಬಾಗಿಲು ಕಾಯುವ ಈ ಸೇವಕನಿಗೆ ಮನುಷ್ಯನು ಹಾಡುವುದನ್ನೂ ಪಾಠ ಹೇಳುವುದನ್ನೂ ಹೆಚ್ಚಿನ ಕೆಲಸವಾಗಿ ಒಪ್ಪಿಸಿದ್ದಾನೆ. ಆ ಕೆಲಸ ಎಷ್ಟೆಂಬುದನ್ನು ಲೆಕ್ಕ ಹಾಕಿ ನೋಡಿರಿ. ಸಾಮಾನ್ಯವಾಗಿ ಮಾತನಾಡುವಾಗ ಗಂಡಸಿನ ಧ್ವನಿತಂತುಗಳು ಸೆಕೆಂಡಿಗೆ ಸುಮಾರು ೧೨೦ ಸಲವೂ, ಹೆಂಗಸಿನವು ಸುಮಾರು ೨೦೦ ಸಲವೂ ಒಂದನ್ನೊಂದು ತಾಕುತ್ತವೆ. ಉಪಾಧ್ಯಾಯಿನಿಯೊಬ್ಬಳು ಒಂದು ಗಂಟೆಯ ಪಾಠದಲ್ಲಿ ಅರ್ಧಗಂಟೆಯ ಕಾಲ ಧ್ವನಿ ತೆಗೆದಳೆಂದರೂ ಅದು ಮೂರೂವರೆ ಲಕ್ಷಕ್ಕೂ ಮಿಕ್ಕ ತಾಕುವಿಕೆ. ಕಿರಿಚಿ ಹೇಳಿದಷ್ಟೂ ಪ್ರತಿಯೊಂದು ಪೆಟ್ಟೂ ಬಲವಾಗಿ ಬೀಳುತ್ತದೆ.

ಬದುಕಿರುವ ಮನುಷ್ಯನಲ್ಲಿ ಈ ತಂತುಗಳು ಕೆಲಸ ಮಾಡುವುದನ್ನು ಚೆನ್ನಾಗಿ ಕಂಡು ಲೋಕಕ್ಕೆ ತಿಳಿಸಿದವನು ವೈದ್ಯನಲ್ಲ, ಸಂಗೀತದ ಮೇಷ್ಟರು. ಮಾನ್ಯುಯೆಲ್ ಗಾರ್ಸಿಯಾ ಎಂಬ ಸ್ಪೆಯಿನ್ ದೇಶದ ಗಾಯನಶಿಕ್ಷಕನು ೧೮೫೪ರಲ್ಲಿ ಪ್ಯಾರಿಸ್ ನಗರದಲ್ಲಿದ್ದಾಗ, ಹಲ್ಲಿನ ವೈದ್ಯರು ಬಳಸುವಂಥ ಸಣ್ಣ ಕನ್ನಡಿಯೊಂದನ್ನು ತನ್ನ ಗಂಟಲಿನ ಹಿಂಭಾಗದಲ್ಲಿಟ್ಟು, ಇನ್ನೊಂದು ಕನ್ನಡಿಯಿಂದ ಸೂರ್ಯನ ಬೆಳಕನ್ನು ಅದರ ಮೇಲೆ ಬೀಳಿಸಿ, ತನ್ನ ಧ್ವನಿಯ ಮನೆಯನ್ನು ತಾನೇ ಕಂಡನು. ಮರುವರ್ಷ ಲಂಡನ್ನಿನ ರಾಯಲ್ ಸೊಸೈಟಿಯ ಮುಂದೆ ಆ ವಿವರಗಳು ಓದಲ್ಪಟ್ಟುವು. ಅಂದಿನ ಕನ್ನಡಿಯ ಸ್ಥಾನದಲ್ಲಿ ಈಗ ಮೂಗಿನ ಮೂಲಕ ಇಳಿಬಿಡುವ ಎಳೆಯಂಥ ದೂರ್ಬೀನುಗಳು ಬಂದಿವೆ; ಬೆಳಕನ್ನು ಮಿಂಚಿನಂತೆ ಮಿಣುಕಿಸಿ, ತಂತುಗಳ ವೇಗವಾದ ಅದಿರನ್ನು ಕಣ್ಣಿಗೆ ನಿಧಾನವಾಗಿ ಕಾಣುವಂತೆ ಮಾಡುವ ಯಂತ್ರಗಳೂ ಬಂದಿವೆ. ಉಪಾಯ ಮಾತ್ರ ಅದೇ: ಊಹಿಸುತ್ತ ಕೂರಬೇಡ, ನೋಡು ಎಂಬುದು.

ನೋಡಿದರೆ ಕಾಣತಕ್ಕ ಕಾರಣಗಳಾವುವು? ತೀರ ಸಾಮಾನ್ಯವಾದುದು ನೆಗಡಿಯೊಡನೆ ಬರುವ ಊತ. ಎರಡು ವಾರದೊಳಗೆ ಅದು ಬಹುಮಟ್ಟಿಗೆ ತಾನಾಗಿಯೇ ಇಳಿಯುತ್ತದೆ. ಕಂಠಕ್ಕೆ ಬಿಡುವು ಕೊಟ್ಟು, ನೀರನ್ನು ಧಾರಾಳವಾಗಿ ಕುಡಿದರೆ ಸಾಕು. ಆದರೆ ಬಿಡುವೆಂದರೆ ಪಿಸುಮಾತಲ್ಲ. ಬಲವಂತದಿಂದ ಪಿಸುಗುಡುವುದೂ ಗಂಟಲಿಗೆ ಆಯಾಸವೇ. ಮಾತನಾಡಲೇಬೇಕಾದರೆ ಮೆಲ್ಲನೆಯ ಸಹಜಧ್ವನಿಯಲ್ಲಿ ಎರಡು ಮಾತನಾಡಿ ಸುಮ್ಮನಾಗುವುದು ಲೇಸು.

ಎರಡನೆಯದು ದುಡಿಮೆಯಿಂದ ಬರುವ ಬೇನೆ. ಗುದ್ದಲಿ ಹಿಡಿದವನ ಅಂಗೈ ಜಡ್ಡುಗಟ್ಟುವಂತೆ, ಬಲವಾಗಿ ತಾಕಿ ತಾಕಿ ಎರಡು ತಂತುಗಳ ಅಂಚಿನಲ್ಲಿಯೂ ಎದುರುಬದುರಾಗಿ ಸಣ್ಣ ಗಂಟುಗಳು ಏಳುತ್ತವೆ. ಉಪಾಧ್ಯಾಯರು, ಗಾಯಕರು, ಬೀದಿಯಲ್ಲಿ ಕೂಗಿ ಮಾರುವವರು, ಆಟದ ಬಯಲಿನಲ್ಲಿ ಅರಚುವ ಮಕ್ಕಳು, ಇವರೆಲ್ಲರಿಗೂ ಇದು ಬರುವುದುಂಟು. ಒಂದೇ ಸಲ ಅತಿಯಾಗಿ ಕೂಗಿದುದರಿಂದ ಒಂದು ತಂತುವಿನಲ್ಲಿ ರಕ್ತ ಚಿಮ್ಮಿ, ಪಾಲಿಪ್ ಎಂಬ ಮೆತ್ತನೆಯ ಬೊಕ್ಕೆಯಾಗುವುದೂ ಉಂಟು. ಜಠರದ ಹುಳಿ ರಾತ್ರಿಯ ಹೊತ್ತು ಮೇಲಕ್ಕೇರಿ ತಂತುಗಳನ್ನು ಸುಡುವುದೂ, ಬೀಡಿ ಸಿಗರೇಟಿನ ಹೊಗೆ ಅವುಗಳನ್ನು ಊದಿಸುವುದೂ ಇದೇ ಸಾಲಿಗೆ ಸೇರಿದುವು.

ಮೂರನೆಯದು ನರಗಳ ತೊಂದರೆ. ಇಲ್ಲಿ ಪ್ರಕೃತಿಯ ಒಂದು ವಿನೋದವಿದೆ. ಎಡಗಡೆಯ ತಂತುವನ್ನು ಆಡಿಸುವ ನರವು ಮಿದುಳಿನ ಕಡೆಯಿಂದ ಬಂದು ಗಂಟಲಿನಲ್ಲಿ ನಿಲ್ಲದೆ ಎದೆಯೊಳಕ್ಕಿಳಿದು, ಹೃದಯದಿಂದ ಹೊರಡುವ ಮಹಾಧಮನಿಯನ್ನು ಒಂದು ಸುತ್ತು ಬಳಸಿ, ಮತ್ತೆ ಮೇಲಕ್ಕೇರಿ ಧ್ವನಿಪೆಟ್ಟಿಗೆಯನ್ನು ಸೇರುತ್ತದೆ. ಆದಕಾರಣ ಎದೆಯಲ್ಲಿ ಗೆಡ್ಡೆಯೋ ಹೃದಯದಲ್ಲಿ ಊತವೋ ಆದರೆ, ಅದರ ಸುದ್ದಿ ಕೆಲವು ವೇಳೆ ಮೊದಲು ಧ್ವನಿಯಲ್ಲಿ ಕೇಳಿಬರುತ್ತದೆ. ಕೊರಳಿನ ಥೈರಾಯಿಡ್ ಗ್ರಂಥಿಯ ಶಸ್ತ್ರಕ್ರಿಯೆಯಲ್ಲಿಯೂ ಈ ನರಕ್ಕೆ ಪೆಟ್ಟಾಗುವ ಸಂಭವವುಂಟು. ಆಗ ಒಂದು ತಂತು ನಡುವಿಗೆ ಬಾರದೆ ನಿಂತುಬಿಡುತ್ತದೆ. ಗಾಳಿ ಸೋರಿ ಧ್ವನಿ ಬರಿಯ ಉಸಿರಾಗುತ್ತದೆ.

ನಾಲ್ಕನೆಯದು, ನೋಡಿದರೂ ತಂತುಗಳಲ್ಲಿ ಯಾವ ದೋಷವೂ ಕಾಣದ ಬೇನೆ. ತೀವ್ರವಾದ ದುಃಖವೋ ಕಳವಳವೋ ಬಂದ ಮೇಲೆ ಧ್ವನಿ ಒಮ್ಮೆಲೇ ನಿಂತುಹೋಗುವುದುಂಟು. ಅಂಥವರು ಕೆಮ್ಮಿದರೆ ಸದ್ದು ಬರುತ್ತದೆ, ಮಾತಿಗೆ ಬರುವುದಿಲ್ಲ. ಅವರು ನಟಿಸುತ್ತಿದ್ದಾರೆಂದು ಮನೆಯವರು ಗದರಿಸುವುದು ಅನ್ಯಾಯ. ಇನ್ನು, ಹರೆಯದಲ್ಲಿ ಹುಡುಗರ ಧ್ವನಿ ಒಡೆದು ಗಡುಸಾಗುವುದಷ್ಟೆ. ಕೆಲವರಲ್ಲಿ ತಂತುಗಳು ಬೆಳೆದಿದ್ದರೂ ಹಳೆಯ ಕೀರಲುಧ್ವನಿಯೇ ಅಭ್ಯಾಸಬಲದಿಂದ ಉಳಿದುಬಿಡುತ್ತದೆ. ಇಂಥ ಯುವಕನು ಸಭೆಯಲ್ಲಿ ಬಾಯಿ ತೆರೆಯಲು ಅಂಜುತ್ತಾನೆ. ಟೆಲಿಫೋನಿನಲ್ಲಿ “ಏನಮ್ಮಾ” ಎನ್ನಿಸಿಕೊಂಡು ಕುಗ್ಗುತ್ತಾನೆ. ಮದುವೆಯ ಮಾತೆತ್ತಿದರೆ ಮನೆ ಬಿಟ್ಟು ಹೊರಡುತ್ತಾನೆ. ವರ್ಷಗಟ್ಟಲೆ ಅನುಭವಿಸುವ ಈ ಸಂಕಟಕ್ಕೆ, ತಿಳಿದ ಚಿಕಿತ್ಸಕರ ಬಳಿ ಕೆಲವೇ ಭೇಟಿಗಳಲ್ಲಿ ಪರಿಹಾರ ದೊರೆಯುವುದು ಸಾಮಾನ್ಯವೆಂದರೆ ನೀವು ನಂಬಬೇಕು. ಕೆಮ್ಮಿಸಿ, ಕೊರಳಿನ ಮೇಲೆ ಬೆರಳಿನಿಂದ ಹಗುರವಾಗಿ ಒತ್ತಿ, ಅವನೊಳಗೆ ಆಗಲೇ ಇರುವ ಗಂಡುಧ್ವನಿಯನ್ನು ಅವನಿಗೇ ಕೇಳಿಸುತ್ತಾರೆ. ಆಮೇಲೆ ಉಳಿದಿರುವುದು ಅಭ್ಯಾಸ.

ಐದನೆಯದೇ ನಾವೆಲ್ಲರೂ ಹೆದರುವ ಕ್ಯಾನ್ಸರ್. ಇದರ ವಿಷಯದಲ್ಲಿ ಚರಿತ್ರೆಯ ಒಂದು ಪ್ರಸಂಗವನ್ನು ಹೇಳಬೇಕು. ೧೮೮೭ರ ಆರಂಭದಲ್ಲಿ ಜರ್ಮನಿಯ ಯುವರಾಜ ಫ್ರೆಡರಿಕನಿಗೆ ಗಂಟಲು ಕಟ್ಟಿತು. ಅಲ್ಲಿಯ ವೈದ್ಯರು ಕ್ಯಾನ್ಸರೆಂದು ಶಂಕಿಸಿ ಶಸ್ತ್ರಕ್ರಿಯೆಗೆ ಸಿದ್ಧರಾದರು. ಇಂಗ್ಲೆಂಡಿನಿಂದ ಕರೆಸಿದ ಮಾರೆಲ್ ಮೆಕೆಂಜಿ ಎಂಬ ವೈದ್ಯನು ಗಂಟಲಿನ ಚೂರೊಂದನ್ನು ತೆಗೆದು ಪರೀಕ್ಷೆಗೆ ಕೊಟ್ಟನು. ಆ ಚೂರಿನಲ್ಲಿ ಪ್ರಸಿದ್ಧ ಪಂಡಿತ ವಿರ್ಚೋನಿಗೆ ಕ್ಯಾನ್ಸರು ಕಾಣಲಿಲ್ಲ. ಶಸ್ತ್ರಕ್ರಿಯೆ ನಿಂತಿತು. ಆ ವರ್ಷದ ನವೆಂಬರಿನ ಹೊತ್ತಿಗೆ ರೋಗ ಸಂದೇಹವಿಲ್ಲದಂತೆ ಬೆಳೆದಿತ್ತು. ೧೮೮೮ರ ಮಾರ್ಚಿಯಲ್ಲಿ ಅವನು ಚಕ್ರವರ್ತಿಯಾದಾಗ ಅವನಿಗೆ ಧ್ವನಿಯೇ ಇರಲಿಲ್ಲ. ಚೀಟಿಗಳಲ್ಲಿ ಬರೆದು ತಿಳಿಸುತ್ತಿದ್ದನು. ತೊಂಬತ್ತೊಂಬತ್ತು ದಿನ ಆಳಿ ಜೂನ್ ೧೫ರಂದು ತೀರಿಕೊಂಡನು. ಆಗಿನ ಶಸ್ತ್ರವೈದ್ಯದಲ್ಲಿ ಅವನು ಉಳಿಯುತ್ತಿದ್ದನೋ ಇಲ್ಲವೋ, ಆ ಚರ್ಚೆ ನಮಗೆ ಬೇಡ. ಇಂದಿನ ಸ್ಥಿತಿ ಬೇರೆ. ತಂತುಗಳ ಮೇಲೆಯೇ ಹುಟ್ಟುವ ಕ್ಯಾನ್ಸರು ಬಹು ಬೇಗನೆ ಧ್ವನಿಯನ್ನು ಕೆಡಿಸಿ ತನ್ನನ್ನು ತಾನೇ ತೋರಿಸಿಕೊಡುತ್ತದೆ. ಆ ಘಟ್ಟದಲ್ಲಿಯೇ ಹಿಡಿದರೆ ಕಿರಣಚಿಕಿತ್ಸೆಯಿಂದಲೋ ಲೇಸರಿನ ಶಸ್ತ್ರಕ್ರಿಯೆಯಿಂದಲೋ ಬಹುಮಂದಿಗೆ ಗುಣವಾಗುತ್ತದೆ, ಧ್ವನಿಯೂ ಉಳಿಯುತ್ತದೆ. ತಂಬಾಕನ್ನು ಸೇದುವವರು ಈ ಮಾತನ್ನು ಎರಡು ಸಲ ಕೇಳಿಸಿಕೊಳ್ಳಬೇಕು.

ಹಾಗಾದರೆ ಎಷ್ಟು ದಿನ ಕಾಯಬಹುದು? ಮೂರು ವಾರ, ಹೆಚ್ಚೆಂದರೆ ನಾಲ್ಕು. ಅಷ್ಟರಲ್ಲಿ ಧ್ವನಿ ತಿಳಿಯಾಗದಿದ್ದರೆ ಕಿವಿ ಮೂಗು ಗಂಟಲಿನ ವೈದ್ಯರಿಂದ ತಂತುಗಳನ್ನು ನೋಡಿಸಲೇಬೇಕು. ನುಂಗಲು ನೋವು, ಉಗುಳಿನಲ್ಲಿ ರಕ್ತ, ಕೊರಳಿನಲ್ಲಿ ಗಂಟು ಇವುಗಳಿದ್ದರೆ, ಅಥವಾ ತಂಬಾಕಿನ ಅಭ್ಯಾಸವಿದ್ದರೆ ಅಷ್ಟು ದಿನವೂ ಕಾಯಕೂಡದು. ಉಸಿರಾಟಕ್ಕೆ ಕಷ್ಟವಾದರೆ ಒಂದು ಗಂಟೆಯೂ ಕಾಯಕೂಡದು.

ಉಪಚಾರವು ಕಾರಣಕ್ಕೆ ತಕ್ಕಂತೆ ಬೇರೆ ಬೇರೆ. ಪಾಲಿಪನ್ನು ಸೂಕ್ಷ್ಮದರ್ಶಕದ ಕೆಳಗೆ ನಾಜೂಕಾಗಿ ತೆಗೆಯುತ್ತಾರೆ. ಚಲನೆಯಿಲ್ಲದ ತಂತುವನ್ನು ಸೂಜಿಮದ್ದಿನಿಂದ ಉಬ್ಬಿಸಿ ನಡುವಿಗೆ ತರುವುದುಂಟು. ಜಪಾನಿನ ಇಶ್ಶಿಕಿ ಎಂಬ ಶಸ್ತ್ರವೈದ್ಯರು ೧೯೭೪ರಲ್ಲಿ ತಿಳಿಸಿದಂತೆ, ಹೊರಗಿನ ಗೂಡಿನಲ್ಲಿ ಸಣ್ಣ ಕಿಂಡಿ ಮಾಡಿ ಅದನ್ನು ಒಳಕ್ಕೆ ಒತ್ತಿ ನಿಲ್ಲಿಸುವುದೂ ಉಂಟು. ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕಾಗಿ ಬಂದವರಿಗೂ ಮಾತು ಮುಗಿದುಹೋಗಲಿಲ್ಲ. ೧೮೭೩ರಲ್ಲಿ ವಿಯೆನ್ನಾ ನಗರದಲ್ಲಿ ಬಿಲ್‌ರೋತ್ ಎಂಬವರು ಮೊದಲಿಗೆ ಆ ಶಸ್ತ್ರಕ್ರಿಯೆಯನ್ನು ನಡೆಸಿದರು. ಶ್ವಾಸನಾಳಕ್ಕೂ ಅನ್ನನಾಳಕ್ಕೂ ನಡುವೆ ಪುಟ್ಟ ಕವಾಟವನ್ನಿಟ್ಟು ಮಾತನಾಡಿಸುವ ಉಪಾಯ ೧೯೮೦ರ ಹೊತ್ತಿಗೆ ಅಮೆರಿಕದಲ್ಲಿ ಬಳಕೆಗೆ ಬಂದಿತು. ಅದರ ಬೆಲೆ ನಮ್ಮ ಬಡವರಿಗೆ ಎಟುಕದುದನ್ನು ಕಂಡು, ಬೆಂಗಳೂರಿನ ಶಸ್ತ್ರವೈದ್ಯರಾದ ವಿಶಾಲ್ ರಾವ್ ಅವರು ಸುಮಾರು ೫೦ ರೂಪಾಯಿಗಳಲ್ಲಿ ಒದಗಿಸಬಹುದಾದ ಸಾಧನವೊಂದನ್ನು ರೂಪಿಸಿದುದು ನಾವು ಅಭಿಮಾನಪಡಬೇಕಾದ ಸಂಗತಿ.

ಆದರೆ ಬಹುಮಂದಿ ರೋಗಿಗಳಿಗೆ ಬೇಕಾದುದು ಕತ್ತಿಯಲ್ಲ, ಶಿಕ್ಷಣ. ಇದಕ್ಕೆ ಧ್ವನಿಚಿಕಿತ್ಸೆಯೆಂದು ಹೆಸರು. ಇದನ್ನು ಕಲಿಸುವವರನ್ನು ತಯಾರು ಮಾಡುವ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆಯು ೧೯೬೫ರಿಂದ ಮೈಸೂರಿನಲ್ಲಿಯೇ ಇರುವುದು ಕನ್ನಡಿಗರ ಭಾಗ್ಯ. ಮಗುವಿಗೆ ಮಾತು ಬಾರದಿದ್ದರೆ, ಮುದುಕರಿಗೆ ಕಿವಿ ಕೇಳದಿದ್ದರೆ ಅಲ್ಲಿಗೆ ಹೋಗಬೇಕೆಂದು ಅನೇಕರು ಬಲ್ಲರು. ಗಂಟಲು ಕಟ್ಟಿದ ಮೇಷ್ಟರಿಗೂ ಅಂಥ ಕಡೆ ಉಪಚಾರವುಂಟೆಂಬುದನ್ನು ಬಲ್ಲವರು ಕಡಮೆ.

ನಮ್ಮ ಕತೆಯನ್ನು ಮುಗಿಸಿಬಿಡೋಣ. ತಾಯಿಯವರ ಮಾತಿಗೆ ಮಣಿದು ಹೋದೆವು. ವೈದ್ಯರು ನಾಲಗೆಯನ್ನು ಹಿಡಿದುಕೊಂಡು “ಈ ಎನ್ನಿ” ಎಂದರು; ಎಂದೆವು. ಎರಡು ನಿಮಿಷದ ಕೆಲಸ. ಎರಡು ತಿಂಗಳ ಭಯ ಆ ಎರಡು ನಿಮಿಷದಲ್ಲಿ ಇಳಿಯಿತು. ಪರದೆಯ ಮೇಲೆ ನಮಗೇ ತೋರಿಸಿದರು: ಎರಡು ತಂತುಗಳ ಅಂಚಿನಲ್ಲಿಯೂ ಅಕ್ಕಿಯ ನುಚ್ಚಿನಷ್ಟು ಗಂಟು. ಶಸ್ತ್ರಕ್ರಿಯೆ ಬೇಡ, ಮೊದಲು ಮಾತನಾಡುವುದನ್ನು ಕಲಿಯಿರಿ ಎಂದರು. ಇಪ್ಪತ್ತು ವರ್ಷ ಮಾತನಾಡಿಯೇ ಸಂಬಳ ತೆಗೆದುಕೊಂಡವರಿಗೆ ಈ ಮಾತು ಸ್ವಲ್ಪ ಚುಚ್ಚಿತು. ಆದರೆ ಚಿಕಿತ್ಸೆಯನ್ನು ಕಲಿಸಿದ, ನಮ್ಮ ವಿದ್ಯಾರ್ಥಿನಿಯಾಗಬಹುದಾದ ವಯಸ್ಸಿನ ಹೆಣ್ಣುಮಗಳು ನಮ್ಮ ತಪ್ಪುಗಳನ್ನು ಒಂದೊಂದಾಗಿ ಎಣಿಸಿ ತೋರಿಸಿದಳು. ಉಸಿರು ಮುಗಿದ ಮೇಲೂ ವಾಕ್ಯವನ್ನು ಎಳೆಯುತ್ತಿದ್ದೆವು. ಕೊರಳಿನ ನರಗಳು ಉಬ್ಬುವಂತೆ ಬಿಗಿಯುತ್ತಿದ್ದೆವು. ಐದು ನಿಮಿಷಕ್ಕೊಮ್ಮೆ ಗಂಟಲನ್ನು ಕೆಕರಿಸುತ್ತಿದ್ದೆವು. ಬೆಳಗಿನಿಂದ ಸಂಜೆಯ ತನಕ ನಮ್ಮ ಹೊಟ್ಟೆಗೆ ಬೀಳುತ್ತಿದ್ದುದು ಕಾಫಿಯೇ ಹೊರತು ನೀರಲ್ಲ. ಲೋಟದ ನೀರಿನಲ್ಲಿ ಕೊಳವೆಯಿಟ್ಟು, ಗುಳ್ಳೆಗಳೇಳುವಂತೆ ಊದುತ್ತ ಧ್ವನಿ ತೆಗೆಯುವ ಸಾಧನೆಯನ್ನು ದಿನಕ್ಕೆ ಹಲವು ಸಲ ಮಾಡಬೇಕಾಯಿತು. ತಂತುಗಳು ಪೆಟ್ಟಿಲ್ಲದೆ ಹಗುರವಾಗಿ ಅದಿರಲು ಅದು ಸಹಾಯಕ. ಇಂಗ್ಲಿಷ್ ಸಾಹಿತ್ಯದ ಅಧ್ಯಾಪಕನು ಲೋಟದಲ್ಲಿ ಗುಳುಗುಳು ಮಾಡುವುದನ್ನು ಕಂಡು ಮನೆಯ ಮಕ್ಕಳು ನಕ್ಕರು. ನಗಲಿ ಎಂದು ನಾವೂ ಊದಿದೆವು. ಮೂರು ತಿಂಗಳಿಗೆ ಗಂಟುಗಳು ಕರಗುತ್ತ ಬಂದು, ಐದನೆಯ ತಿಂಗಳಲ್ಲಿ ಧ್ವನಿ ಸಂಜೆಯ ತನಕವೂ ನಿಂತಿತು.

ಆದರೂ ಒಂದು ವ್ಯಥೆ ಉಳಿದಿದೆ. ನಮಗೆ ರಜೆ ದೊರೆಯಿತು, ದೊಡ್ಡ ಕೊಠಡಿಯಲ್ಲಿ ಧ್ವನಿವರ್ಧಕ ದೊರೆಯಿತು. ಅರವತ್ತು ಮಕ್ಕಳನ್ನು ಒಂದೇ ಕೊಠಡಿಯಲ್ಲಿ ಕೂಡಿಸಿಕೊಂಡು ಪ್ರಾಥಮಿಕ ಶಾಲೆಯಲ್ಲಿ ಕಲಿಸುವ ಉಪಾಧ್ಯಾಯಿನಿಗೆ ಇವೆರಡೂ ದುರ್ಲಭ. ಕಾಲು ಮುರಿದರೆ ರಜೆ ಕೊಡುವವರು, ಧ್ವನಿ ಹೋಯಿತೆಂದರೆ “ಸ್ವಲ್ಪ ಬಿಸಿನೀರು ಕುಡಿಯಿರಮ್ಮ” ಎಂದು ತರಗತಿಗೆ ಕಳಿಸುತ್ತಾರೆ. ಕಮ್ಮಾರನಿಗೆ ಸುತ್ತಿಗೆಯಿದ್ದಂತೆ ಅವಳಿಗೆ ಕಂಠ. ಸೊಂಟಕ್ಕೆ ಕಟ್ಟಿಕೊಳ್ಳುವ ಸಣ್ಣ ಧ್ವನಿವರ್ಧಕವನ್ನು ಕೊಟ್ಟರೆ ಉಪಾಧ್ಯಾಯರ ಕಂಠದ ಆಯಾಸ ಇಳಿಯುತ್ತದೆಂದು ಪರೀಕ್ಷಿಸಿ ನೋಡಿದವರು ಕಂಡುಕೊಂಡಿದ್ದಾರೆ. ಶಾಲೆಗಳನ್ನು ನಡೆಸುವ ಮಹನೀಯರು ಸೀಮೆಸುಣ್ಣ, ಕಪ್ಪುಹಲಗೆಗಳ ಲೆಕ್ಕದಲ್ಲಿ ಇದನ್ನೂ ಬರೆದುಕೊಳ್ಳಬೇಕೆಂದು ಪ್ರಾರ್ಥಿಸುತ್ತೇವೆ. ಉಪಾಧ್ಯಾಯರಾಗಲಿರುವವರಿಗೆ ಪಾಠಕ್ರಮವನ್ನು ಕಲಿಸುವಾಗ ಉಸಿರಿನ ಕ್ರಮವನ್ನೂ ಕಲಿಸಿದರೆ ಇನ್ನೂ ಒಳ್ಳೆಯದು.

ಶ್ರೋತೃಗಳಲ್ಲಿ ಯಾರಿಗಾದರೂ ತಿಂಗಳಿನಿಂದ ಗಂಟಲು ಕಟ್ಟಿದ್ದು, ನಮ್ಮಂತೆಯೇ ಕಷಾಯ ಕುಡಿದುಕೊಂಡು ಭಯವನ್ನು ಮುಚ್ಚಿಟ್ಟಿರುವುದಾದರೆ, ಅವರಿಗೆ ನಾವು ಹೇಳುವುದು ಇಷ್ಟೆ: ಕಷಾಯ ಬೇಕಾದರೆ ಕುಡಿಯಿರಿ, ಆದರೆ ನಾಳೆ ಹೋಗಿ ತೋರಿಸಿರಿ. ಇಷ್ಟು ಹೊತ್ತು ನಿಮ್ಮ ಕಿವಿಗೆ ಬೀಳುತ್ತಿದ್ದುದು ಹಾಗೆ ತೋರಿಸಿ, ಕಲಿತು, ಮರಳಿ ಪಡೆದ ಕಂಠವೇ.